ಓ ಅನ್ನುವವರೆಗೆ

ಶಿರಸಿ
೨೦ ನವೆಂಬರ್ ೧೯೫೬

ಅಕ್ಕ ಗುರುಶಾಂತವ್ವನಿಗೆ ತಮ್ಮ ಶಿವಪುತ್ರಪ್ಪನ ಶರಣು.

ನಮ್ಮ ನಾಟಕ ಕಂಪನಿ ಶಿರಸಿಗೆ ಬಂದು ತಂಬು ಹೊಡೆದಿದೆ. ಬನವಾಸಿ ಇಲ್ಲಿಂದ ಒಂದು ಬಸ್ಸಿನ ದಾರಿ, ಆದರೂ ನಿನ್ನ ಮನೆಗೆ ಬರಲಾಗಲಿಲ್ಲ. ಪೇಟಿ ಮಾಸ್ತರನಿಗೆ ರಜೆ ಕೊಟ್ಟರೆ ನಾಟಕದ ಬಾಯಿ ಕಟ್ಟುತ್ತದೆ ಎನ್ನುತ್ತಾರೆ ಮಾಲಕ ಕಲ್ಲಯ್ಯನವರು. ಈ ತಿಂಗಳಿನಿಂದ ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತಲ್ಲ, ಊರಲ್ಲೆಲ್ಲ ಅದರದೇ ಭಾಷಣ. ಪುಕ್ಕಟೆ ಭಾಷಣ ಇರುವಾಗ ಟಿಕೀಟು ತೆಗೆದು ನಾಟಕ ನೋಡುವವರು ಯಾರು? ಮೊದಲ ವಾರ ಖಾಲಿ ಚಾಪೆಗಳಿಗೆ ಹಾರ್ಮೋನಿಯಂ ಪೇಟಿ ಬಾರಿಸಿದೆ.

ಈಗ ಹೊಸ ನಾಟಕ ಕೂಡಿಸುತ್ತಿದ್ದಾರೆ. ಕಾಡಿನಲ್ಲಿ ಮಗು ಕಳಕೊಂಡ ತಾಯಿಗೆ ಒಂದು ಹಾಡು ಬೇಕು. ನಾನು ಕಟ್ಟಿದ್ದನ್ನೆಲ್ಲ ಮಾಲಕರು "ಹಾಡಿದ್ದೇ ಹಾಡೋ ಕಿಸಬಾಯಿದಾಸ" ಎಂದು ತಳ್ಳಿಹಾಕಿದರು. ನಿನ್ನೆ ಸುಮ್ಮನೆ ಪೇಟಿ ಒತ್ತುತ್ತ ಕೂತಿದ್ದಾಗ ನಮ್ಮ ಅವ್ವ ತಂಗಿ ದೇವಿಯನ್ನು ಮನೆಗೆ ಕರೆಯುತ್ತಿದ್ದ ಹಾಡು ಬೆರಳಿಗೆ ಬಂತು. ಅರ್ಧ ಬೋಳಿಸಿದ ಗಲ್ಲದಲ್ಲೇ ಮಾಲಕರು ಹೊರಗೆ ಬಂದು, ಅದೇ ಬೇಕು ಎಂದರು.

ನನಗೆ ಪೂರ್ತಿ ನೆನಪಿಲ್ಲ. ದಿನಾ ಹಾಡುವವಳು ನೀನು, ಬರೆದು ಕಳಿಸುತ್ತೀಯಾ? ಕೊಡಲು ಮನಸ್ಸಿಲ್ಲದಿದ್ದರೆ ಹಾಗೆಯೇ ಬರೆ, ಬೇಸರವಿಲ್ಲ. ದೇವಿ ಹೇಗಿದ್ದಾಳೆ? ನಿನ್ನ ಅತ್ತೆಯವರು ಅವಳ ಮಾತೆತ್ತುತ್ತಾರೆಯೇ?

ನಿನ್ನ ತಮ್ಮ
ಪುತ್ರಪ್ಪ


ಬನವಾಸಿ
೨೭ ನವೆಂಬರ್ ೧೯೫೬

ತಮ್ಮ ಪುತ್ರಪ್ಪನಿಗೆ ಅಕ್ಕನ ಆಶೀರ್ವಾದ.

ಒಂದು ಬಸ್ಸಿನ ದಾರಿಗೆ ಇಷ್ಟುದ್ದ ನೆಪ ಬರೆದಿದ್ದೀಯಲ್ಲ, ಅಷ್ಟು ಹೊತ್ತಿನಲ್ಲಿ ಬಂದು ಉಂಡು ಹೋಗಬಹುದಿತ್ತು.

ಅವ್ವನ ಹಾಡು ನಾಟಕದಲ್ಲಿ ಬರುತ್ತದೆ ಎಂದು ಓದಿ ನನಗೆ ಹೆಮ್ಮೆಯಾಯಿತು. ಮನೆಯವರಿಗೂ ಓದಿ ಹೇಳಿದೆ. ಅವ್ವ ಹೋಗಿ ಮೂರು ವರ್ಷವಾದ ಮೇಲೆ ಅವಳನ್ನು ಯಾರೋ ಕೇಳಿಕೊಂಡು ಬಂದಂತಾಯಿತು. ತಗೋ:

ಹೊತ್ತು ಮುಳುಗ್ಯಾದ ಬಾರೆ
ಹೊಳಿದಂಡಿ ಬಿಟ್ಟು ಬಾರೆ
ಕಾಸಿದ ಹಾಲು ಕೆನಿಗಟ್ಯಾದ ಬಾರೆ
ನನ ಕೂಸ ಬಾರೆ

ಇಷ್ಟೇ. ಇದರಲ್ಲಿ ಅಂಥದ್ದೇನಿದೆಯೋ ನಿನ್ನ ಮಾಲಕರೇ ಬಲ್ಲರು. ನಮ್ಮ ದೇವಿಗೆ ಮಾತ್ರ ಇದೇ ಎಲ್ಲ. ವಯಸ್ಸು ಇಪ್ಪತ್ತು ದಾಟಿದರೂ ಬುದ್ಧಿ ಮೂರು ವರ್ಷದ ಮಗುವಿನದೇ. ಹೆಸರು ಹಿಡಿದು ಕೂಗಿದರೆ ತಿರುಗಿಯೂ ನೋಡುವುದಿಲ್ಲ. ಮಧ್ಯಾಹ್ನ ಕಣ್ಣು ತಪ್ಪಿಸಿ ವರದಾ ಹೊಳೆಯ ದಂಡೆಗೆ ಹೋಗುತ್ತಾಳೆ. ಸಂಜೆ ನಾನು ದಿನ್ನೆಯ ಮೇಲೆ ನಿಂತು ಒಂದು ಸಾಲು ಹಾಡಿ ಸುಮ್ಮನಾಗುತ್ತೇನೆ. ಎಲ್ಲೋ ಕಬ್ಬಿನ ಗದ್ದೆಯ ಆಚೆಯಿಂದ "ಓ" ಅನ್ನುತ್ತಾಳೆ. ಇನ್ನೊಂದು ಸಾಲು ಹಾಡುತ್ತೇನೆ, ಓ ಹತ್ತಿರವಾಗುತ್ತದೆ. ನಾಲ್ಕನೆಯ ಸಾಲಿಗೆ ಬಂದು ನನ್ನ ಸೆರಗು ಹಿಡಿಯುತ್ತಾಳೆ. ಹಾಡು ಎಲ್ಲಿದೆಯೋ ಅಲ್ಲಿ ತಾಯಿ ಇದ್ದಾಳೆ ಎಂಬುದೊಂದೇ ಅವಳಿಗೆ ಗೊತ್ತು.

ಅದಕ್ಕೇ ಹೇಳುತ್ತೇನೆ, ಸಾಲಿನ ನಡುವಿನ ತೆರಪು ಕೆಡಿಸಬೇಡ. ಅವ್ವ ಅಲ್ಲಿ ಕಿವಿಗೊಟ್ಟು ನಿಲ್ಲುತ್ತಿದ್ದಳು.

ಅತ್ತೆಯವರದು ಅದೇ ಮಾತು. ಅವ್ವ ಹೋದ ಮೇಲೆ ದೇವಿಯನ್ನು ಇಲ್ಲಿಗೆ ಕರೆತಂದ ದಿನ ಹೇಳಿದ್ದರಲ್ಲ, ಅನ್ನ ಹಾಕಲು ಅಡ್ಡಿಯಿಲ್ಲ, ಮನೆತನ ಊರ ಬಾಯಿಗೆ ಬೀಳಬಾರದು ಎಂದು. ಇಲ್ಲಿಯವರೆಗೆ ಬಿದ್ದಿಲ್ಲ. ಬಿದ್ದರೆ ಅವಳನ್ನು ಎಲ್ಲಿ ಇಡಲಿ? ನಿನಗೋ ತಂಬುವೇ ಮನೆ.

ಅಕ್ಕ
ಗುರುಶಾಂತವ್ವ


ಶಿರಸಿ
೧೪ ಜನವರಿ ೧೯೫೭

ಅಕ್ಕನಿಗೆ ಶರಣು.

ಹಾಡು ಗೆದ್ದಿತು. ತಾಯಿಯ ಪಾತ್ರದ ಶಾರದವ್ವ ಬಾಯಿ ತೆರೆದರೆ ಸಾಕು, ಹೆಂಗಸರ ಕಡೆ ಸೆರಗು ಕಣ್ಣಿಗೆ ಹೋಗುತ್ತದೆ, ಗಂಡಸರ ಕಡೆಯಿಂದ ವನ್ಸ್‌ಮೋರ್ ಬರುತ್ತದೆ. ಸಂಕ್ರಾಂತಿಗೆ ಎತ್ತಬೇಕೆಂದಿದ್ದ ಕ್ಯಾಂಪು ಎರಡು ತಿಂಗಳು ಮುಂದೆ ಹೋಗಿದೆ.

ಒಂದು ಮಾತು. ತೆರಪು ಬಿಟ್ಟೇ ಹಾಡಿಸಿದ್ದೆ. ಮೊದಲ ಆಟದಲ್ಲಿ ಶಾರದವ್ವ ಸುಮ್ಮನಾದೊಡನೆ ಯಾರೋ ಸಿಳ್ಳೆ ಹಾಕಿದ, ಹಾಡು ಮರೆತಳು ಎಂದು. ಮಾಲಕರು ಒಳಗೆ ಕರೆದು, "ಮಾಸ್ತರ, ನಾಟಕದಾಗ ಸುಮ್ಮನಿರೂದು ಅಂದ್ರ ಸತ್ತಂಗ. ಅದನ್ನ ತುಂಬ್ರಿ" ಎಂದರು. ಪ್ರತಿ ಬಾರೆಯ ನಂತರ ಪೇಟಿಯ ಒಂದು ತುಣುಕು ಹಾಕಿದೆ. ಚೆನ್ನಾಗಿ ಕೂತಿದೆ ಅಕ್ಕ. ಈಗ ಜನ ಹಾಡಿಗಿಂತ ಆ ತುಣುಕನ್ನೇ ಹೆಚ್ಚು ಗುನುಗುತ್ತಾರೆ.

ಎಲ್ಲರೂ ಬಂದು ನೋಡಿ. ಮುಂದಿನ ಸಾಲಿನಲ್ಲಿ ಜಾಗ ಹಿಡಿಸುತ್ತೇನೆ. ದೇವಿಯನ್ನೂ ಕರೆತಾ.

ಪುತ್ರಪ್ಪ


ಬನವಾಸಿ
೧೧ ಫೆಬ್ರುವರಿ ೧೯೫೭

ತಮ್ಮನಿಗೆ,

ನಾವು ನಾಟಕ ನೋಡಿ ಬಂದು ಹದಿನೈದು ದಿನವಾಯಿತು. ನೀನು ಬರೆಯುತ್ತೀಯ ಎಂದು ಕಾದೆ. ಪೇಟಿಯ ಹಿಂದೆ ಕೂತವನಿಗೆ ಕಾಣದೆ ಇರಲಿಲ್ಲವಲ್ಲ.

ಶಾರದವ್ವ ಮೊದಲ ಸಾಲು ಹಾಡಿದಾಗ ದೇವಿ ನನ್ನ ಮಗ್ಗುಲಿನಿಂದ ಎದ್ದಳು. ಹಿಡಿಯುವಷ್ಟರಲ್ಲಿ ರಂಗದ ಮುಂದೆ ಹೋಗಿ ನಿಂತಿದ್ದಳು. "ಓ" ಎಂದಳು. ನಿನ್ನ ಪೇಟಿ ಅದನ್ನು ಮುಚ್ಚಿತು. ಎರಡನೆಯ ಸಾಲಿಗೆ ಇನ್ನೂ ಜೋರಾಗಿ ಎಂದಳು. ತಂಬುವಿಗೆ ತಂಬುವೇ ನಕ್ಕಿತು. ಆ ಶಾರದವ್ವನ ಮುಖ ನೋಡಿದ್ದೆಯಾ? ಪಾಪ, ಹಾಡು ಬಿಡುವಂತಿಲ್ಲ, ಈ ಹುಚ್ಚಿಯನ್ನು ಹತ್ತಿರ ಕರೆಯುವಂತಿಲ್ಲ. ದೇವಿ ಅವಳ ಮುಖ ನೋಡಿದಳು, ತಾಯಿ ಅಲ್ಲ. ಹಿಂದಕ್ಕೆ ತಿರುಗಿದಳು, ಅಲ್ಲಿ ಹಲ್ಲು ಕಿರಿಯುವ ಜನ. ಆ ನಡುವೆ ಅವಳು ನಿಂತದ್ದು ನನ್ನ ಕಣ್ಣಿನಿಂದ ಹೋಗುತ್ತಿಲ್ಲ.

ಬಸ್ಸಿನಲ್ಲಿ ಅತ್ತೆಯವರು ನಮ್ಮನ್ನು ಬಿಟ್ಟು ಮುಂದಿನ ಸೀಟಿಗೆ ಹೋಗಿ ಕೂತರು. ಬೈದಿದ್ದರೆ ಹಗುರವಾಗುತ್ತಿತ್ತು.

ನಿನ್ನದೇನು ತಪ್ಪು? ನೀನು ಕೇಳಿದೆ, ನಾನು ಕೊಟ್ಟೆ. ಆ ನಾಟಕ ಬೇಗ ಎತ್ತಿಕೊಂಡು ದೂರ ಹೋಗಿ, ಅಷ್ಟೇ.

ಗುರುಶಾಂತವ್ವ


ಸಿದ್ದಾಪುರ
೩ ಮಾರ್ಚ್ ೧೯೫೮

ಅಕ್ಕನಿಗೆ ಶರಣು.

ವರ್ಷದ ಮೇಲೆ ಬರೆಯುತ್ತಿದ್ದೇನೆ. ಕಾಗದ ಹಿಡಿದಾಗಲೆಲ್ಲ ದೇವಿ ರಂಗದ ಮುಂದೆ ನಿಂತದ್ದು ಕಾಣುತ್ತಿತ್ತು.

ಹಾಡು ಬಿಡಿ ಎಂದು ಮಾಲಕರನ್ನು ಕೇಳಿಕೊಂಡೆ. ಅವರೇನು ಕಟುಕರಲ್ಲ. "ಹಾಡು ಬಿಟ್ರ ನಾಟಕ ಬೀಳ್ತದ, ನಾಟಕ ಬಿದ್ರ ಈ ಇಪ್ಪತ್ತು ಮಂದಿ ಎಲ್ಲಿ ಉಣ್ಣಬೇಕು ಹೇಳು" ಎಂದರು. 

ಈಗ ಅದು ಅವರ ಕೈಯಲ್ಲೂ ಇಲ್ಲ. ಮುಂಬೈಯಿಂದ ಬಂದ ಒಬ್ಬರು ಕೇಳಿ ಹೋಗಿ, ಗ್ರಾಮಫೋನಿನ ಪ್ಲೇಟು ಮಾಡಿಸಿದ್ದಾರೆ. ಹಾಡಿದವರು ಬೇರೆ. ಕೂಸಿನ ಜಾಗದಲ್ಲಿ ನಲ್ಲೆ ಬಂದಿದ್ದಾಳೆ. ಕರೆಯುವವನು ಪ್ರಿಯಕರ. ಪೇಟಿಯ ತುಣುಕನ್ನು ಕ್ಲಾರಿಯೋನೆಟ್ಟು ಬಾರಿಸುತ್ತದೆ, ಕೆಳಗೆ ತಬಲಾ ಓಡುತ್ತದೆ. ರಚನೆ ಎಂದು ಯಾರದೋ ಹೆಸರಿದೆ. ಇಲ್ಲಿಯ ಹೋಟೆಲಿನಲ್ಲಿ ಚಹ ಕುಡಿಯುತ್ತ ಪೂರ್ತಿ ಕೇಳಿದೆ. ಕೆಟ್ಟದ್ದಿದ್ದರೆ ಬೈದು ಎದ್ದುಬರುತ್ತಿದ್ದೆ. ಚೆನ್ನಾಗಿದೆ, ಅದೇ ಕಷ್ಟ.

ಪುತ್ರಪ್ಪ


ಬನವಾಸಿ
೨೬ ಮೇ ೧೯೬೦

ತಮ್ಮ ಪುತ್ರಪ್ಪನಿಗೆ ಆಶೀರ್ವಾದ.

ನಿಮ್ಮ ಕಂಪನಿ ಮುಚ್ಚಿತೆಂದೂ ನೀನು ಯಲ್ಲಾಪುರದಲ್ಲಿ ಪೇಟಿ ರಿಪೇರಿಗೆ ಕೂತಿದ್ದೀಯೆಂದೂ ತಿಳಿಯಿತು. ಒಂದು ಕಡೆ ನೆಲೆ ನಿಂತೆಯಲ್ಲ, ನನಗೆ ಸಮಾಧಾನ.

ಇಲ್ಲಿ ಜಟ್ಟಪ್ಪ ಎಂಬವನು ಬ್ಯಾಟರಿಯ ಲೌಡ್‌ಸ್ಪೀಕರ್ ತಂದಿದ್ದಾನೆ. ಮದುವೆಗೆ, ಮನೆತುಂಬುವುದಕ್ಕೆ, ಗಿರಣಿ ಪೂಜೆಗೆ ಎಲ್ಲದಕ್ಕೂ ಅವನೇ. ಆ ಪ್ಲೇಟು ಒಂದು ಸಲ ಹಾಡದೆ ಅವನ ಬ್ಯಾಟರಿ ಬೆಚ್ಚಗಾಗುವುದಿಲ್ಲ. ದೇವಿ ಹೊರಡುತ್ತಾಳೆ. ಚಪ್ಪರದ ಕಂಬಕ್ಕೆ ಕಟ್ಟಿದ ಆ ಭೋಂಗಾದ ಕೆಳಗೆ ನಿಂತು ಮೇಲೆ ನೋಡಿ ಓ ಅನ್ನುತ್ತಾಳೆ. ಅದು ನಿಲ್ಲಿಸುವುದಿಲ್ಲ. ಮತ್ತೆ ಅನ್ನುತ್ತಾಳೆ. ಮದುವೆಯ ಮನೆಯವರು ಊಟಕ್ಕೆ ಕೂರಿಸುತ್ತಾರೆ. ಊರ ಹುಡುಗರು ಅವಳನ್ನು "ಲೌಡ್‌ಸ್ಪೀಕರಿನ ಹೆಂಡತಿ" ಎನ್ನುತ್ತಾರಂತೆ. ಅತ್ತೆಯವರ ಕಿವಿಗೂ ಬಿದ್ದಿದೆ.

ಮನೆಯವರು ಜಟ್ಟಪ್ಪನನ್ನು ಕಂಡು ಹೇಳಿದರು. ಅವನು ಕೈಮುಗಿದು, "ಚಂದ್ರಶೇಖರಪ್ಪಾರ, ನಾ ಹಚ್ಚೂದಿಲ್ಲ ಅಂದ್ರ ಹಾನಗಲ್ಲಿನಿಂದ ಮತ್ತೊಬ್ಬನ್ನ ಕರಸ್ತಾರ್ರಿ" ಎಂದ. ಅದೂ ನಿಜವೇ.

ತಮಾಷೆ ಕೇಳು. ಅತ್ತೆಯವರ ಭಜನಾ ಮಂಡಳಿಯವರು ಅದೇ ಧಾಟಿಗೆ "ನಮ್ಮ ಗೌರಿ ಬಾರೆ" ಎಂದು ಕೂರಿಸಿದ್ದಾರೆ. ಹೋದ ವರ್ಷದ ಗೌರಿ ಹಬ್ಬಕ್ಕೆ ನಮ್ಮ ಪಡಸಾಲೆಯಲ್ಲೇ ಹಾಡಿದರು. ದೇವಿ ಬಂದು ಒಬ್ಬೊಬ್ಬರ ಮುಖ ನೋಡಿದಳು, ನನ್ನ ಮುಖವನ್ನೂ ನೋಡಿ ಮುಂದಕ್ಕೆ ಹೋದಳು. ಇದು ನಮ್ಮ ಅವ್ವನ ಹಾಡು ಎಂದೆ. ಪಕ್ಕದ ಮನೆಯ ಗಿರಿಜವ್ವ ನಕ್ಕು, ಪ್ಲೇಟಿನ ಹಾಡು ನಿಮ್ಮ ಅವ್ವನದು ಹ್ಯಾಂಗಾದೀತು ಎಂದಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರಲ್ಲ, ಕೊಟ್ಟ ಹಾಡೂ ಹಾಗೆಯೇ.

ಸಂಜೆ ನಾನು ಕರೆದರೆ ಇನ್ನೂ ಬರುತ್ತಾಳೆ. ಆದರೆ ತಡವಾಗಿ.

ಅಕ್ಕ


ಯಲ್ಲಾಪುರ
೯ ಜುಲೈ ೧೯೬೧

ಅಕ್ಕನಿಗೆ ಶರಣು.

ಅವ್ವನ ಹಾಡು ಇಲ್ಲಿಗೂ ನನ್ನನ್ನು ಹುಡುಕಿಕೊಂಡು ಬಂತು. ಬ್ಯಾಂಡಿನವರು ಅದನ್ನು ದಿಬ್ಬಣಕ್ಕೆ ಬಾರಿಸುತ್ತಾರೆ, ಕುಣಿಯದ ಕಾಲಿಲ್ಲ. ಶಾಲೆಯ ಮಕ್ಕಳು ಕವಾಯತಿಗೆ ಹಾಡುತ್ತಾರೆ. ಕಳೆದ ವಾರ ವಜ್ರಳ್ಳಿಯಿಂದ ಪೇಟಿ ರಿಪೇರಿಗೆ ಕರೆ ಬಂತು. ಅಲ್ಲಿಯ ನಾಗಪತಿ ಹೆಗಡೆಯವರ ಮನೆಯಲ್ಲಿ ಶನಿವಾರ ಭಜನೆ. ಸ್ವರ ನೋಡಲೆಂದು ನಾನು ಅವ್ವನ ಹಾಡನ್ನೇ ಒತ್ತಿದೆ, ತುಣುಕು ಬಿಟ್ಟು, ತೆರಪು ಇಟ್ಟು. ಹೆಗಡೆಯವರಿಗೆ ಕನಿಕರವಾಯಿತು. "ಧಾಟಿ ಹಾಂಗಲ್ಲ ಮಾಸ್ತರ್ರೆ. ಇಲ್ಲಿ ಕೂತ್ಕಳಿ, ಆನು ಹೇಳಿಕೊಡ್ತೆ" ಎಂದರು. ಕೂತೆ. ಹೇಳಿಕೊಟ್ಟರು. ನಾನೇ ಕಟ್ಟಿದ ತುಣುಕನ್ನು ನನಗೆ ಸಾವಕಾಶವಾಗಿ, ಬೆರಳಿಗೆ ಬೆರಳು ಹಿಡಿದು ಹೇಳಿಕೊಟ್ಟರು. ಒಳ್ಳೆಯ ಮನುಷ್ಯ. ಸಂಜೆ ಊಟವನ್ನೂ ಹಾಕಿದರು.

ನಗಬೇಕೆಂದು ಬರೆಯಲು ಕೂತೆ. ಬರೆಯುತ್ತ ಬರೆಯುತ್ತ ನಗು ಹೋಯಿತು.

ಮಳೆ ನಿಂತ ಮೇಲೆ ದೇವಿಯನ್ನು ನನ್ನ ಹತ್ತಿರ ಕಳಿಸು. ಕೋಣೆ ಚಿಕ್ಕದು, ಹೇಗೋ ಆಗುತ್ತದೆ.

ಪುತ್ರಪ್ಪ


ಬನವಾಸಿ
೧೭ ಫೆಬ್ರುವರಿ ೧೯೬೨

ಪುತ್ರಪ್ಪಾ,

ದೇವಿ ನಿನ್ನೆಯಿಂದ ಇಲ್ಲ. ಓಟಿನ ಜೀಪೊಂದು ಬಂದಿತ್ತು. ಅದರ ಮೇಲೆ ಜಟ್ಟಪ್ಪ ಬಾಡಿಗೆಗೆ ಕೊಟ್ಟ ಭೋಂಗಾ, ಅದರಲ್ಲಿ "ಹೊತ್ತು ಮುಳುಗೂದ್ರಾಗ ಬಾರೆ, ಓಟು ಹಾಕು ಬಾರೆ". ನಾನು ಹಿತ್ತಲಲ್ಲಿ ಕಾಳು ಹಸನು ಮಾಡುತ್ತಿದ್ದೆ. ಹಾಡು ದೂರವಾಯಿತು, ಸದ್ಯ ಹೋಯಿತಲ್ಲ ಎಂದುಕೊಂಡೆ. ಆಮೇಲೆ ನೋಡಿದರೆ ಬಾಗಿಲು ತೆರೆದಿತ್ತು. ನೀನು ಕರೆದಾಗಲೇ ನಿನ್ನ ಹತ್ತಿರ ಕಳಿಸಬೇಕಿತ್ತು.

ಹೊಳೆಯ ದಂಡೆ ಪೂರ್ತಿ ಹುಡುಕಿದೆವು. ಮನೆಯವರು ಶಿರಸಿಗೆ ಹೋಗಿದ್ದಾರೆ. ಜೀಪು ಅಲ್ಲಿಂದ ಯಲ್ಲಾಪುರದ ದಾರಿ ಹಿಡಿಯಿತೆಂದು ಜಟ್ಟಪ್ಪ ಹೇಳುತ್ತಾನೆ. ಈ ಕಾಗದ ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಟ್ಟಿದ್ದೇನೆ. ಅಂಗಡಿ ಮುಚ್ಚಿ ಹೊರಡು. ಹಸಿರು ಇಳಕಲ್ ಸೀರೆ ಉಟ್ಟಿದ್ದಾಳೆ. ಹೆಸರು ಕೂಗಬೇಡ, ತಿರುಗುವುದಿಲ್ಲ. ಹಾಡು.

ಅಕ್ಕ


ಯಲ್ಲಾಪುರ
೧೯ ಫೆಬ್ರುವರಿ ೧೯೬೨

ಅಕ್ಕಾ,

ಸಿಕ್ಕಳು. ಮೈಗೆ ಏನೂ ಆಗಿಲ್ಲ. ಅದನ್ನು ಮೊದಲು ಓದಿಕೋ.

ಜೀಪಿನವರು ಅವಳನ್ನು ತಮ್ಮ ಪಕ್ಷದ ಹೆಂಗಸೆಂದೇ ತಿಳಿದು ಹತ್ತಿಸಿಕೊಂಡಿದ್ದರು. ಅವಲಕ್ಕಿ ಕೊಟ್ಟಿದ್ದಾರೆ, ಕೈಗೊಂದು ಬಾವುಟ ಕೊಟ್ಟಿದ್ದಾರೆ. ಚಂದಗುಳಿಯಲ್ಲಿ ಭಾಷಣಕ್ಕೆ ನಿಂತಾಗ ಇಳಿದವಳು ಮತ್ತೆ ಹತ್ತಲಿಲ್ಲವಂತೆ. ಅಲ್ಲಿಯ ಗಂಟೆ ಗಣಪನಿಗೆ ಹರಕೆ ಹೊತ್ತವರು ಗಂಟೆ ಕಟ್ಟುತ್ತಾರಲ್ಲ, ಆ ಗಂಟೆಗಳ ಕೆಳಗೆ ಗೋಡೆಗೆ ಒರಗಿ ಕೂತಿದ್ದಳು, ಬಾವುಟ ಮಡಿಲಲ್ಲಿ.

ನಾನು ಹಿಂದಿನಿಂದ ಹೋಗಿ ಹಾಡಿದೆ. ಒಂದು ಸಾಲು ಹಾಡಿ ನಿಂತೆ. ಅವಳು ತಿರುಗಲಿಲ್ಲ. ಎರಡನೆಯ ಸಾಲಿಗೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಆಗ ನನಗೆ ತಿಳಿಯಿತು. ನಾನು ನಿಂತಿರಲಿಲ್ಲ ಅಕ್ಕ. ತೆರಪಿನಲ್ಲಿ ನನ್ನ ಬಾಯೇ ಪೇಟಿಯ ತುಣುಕನ್ನು ಗುನುಗುತ್ತಿತ್ತು. ಎಷ್ಟು ವರ್ಷ ಬಾರಿಸಿದ್ದೇನೆ, ಅದು ನನ್ನನ್ನು ಕೇಳಿ ಬರುವುದಿಲ್ಲ.

ಮುಂದೆ ಹೋಗಿ ಕೈ ಹಿಡಿದೆ. ಎದ್ದು ಬಂದಳು, ಯಾರು ಹಿಡಿದಿದ್ದರೂ ಬರುತ್ತಿದ್ದಳು. ಭಾವನವರು ಬಂದು ಇಲ್ಲಿಯೇ ಇದ್ದಾರೆ. ನಾಳಿನ ಬಸ್ಸಿಗೆ ಕರೆತರುತ್ತಾರೆ.

ಪುತ್ರಪ್ಪ


ಬನವಾಸಿ
೨ ಏಪ್ರಿಲ್ ೧೯೬೨

ತಮ್ಮನಿಗೆ ಆಶೀರ್ವಾದ.

ದೇವಿ ಮನೆಯಲ್ಲಿದ್ದಾಳೆ. ಉಣ್ಣುತ್ತಾಳೆ, ಮಲಗುತ್ತಾಳೆ. ಓ ಅನ್ನುವುದಿಲ್ಲ.

ಬಂದ ಮೇಲೆ ಒಂದು ಸಲ ಹೊಳೆಯ ಕಡೆಗೆ ಹೋಗಿದ್ದಳು. ನಾನು ದಿನ್ನೆಯ ಮೇಲೆ ನಿಂತು ನಾಲ್ಕೂ ಸಾಲು ಹಾಡಿದೆ. ಅವಳು ಕಾಣುವಷ್ಟು ದೂರದಲ್ಲೇ ಇದ್ದಳು, ನೀರಿನಲ್ಲಿ ಮೊಣಕಾಲಿನವರೆಗೆ. ಬೆನ್ನು ತಿರುಗಿಸಿ ಇನ್ನೂ ಮುಂದಕ್ಕೆ ಹೋದಳು. ಓಡಿ ಹೋಗಿ ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ಗಾಡಿ ತೊಳೆಯುತ್ತಿದ್ದವನೊಬ್ಬ, "ಅಕ್ಕಾರ, ಛಲೋ ಹಾಡ್ತೀರಿ. ಆದ್ರ ನಡುವ ಬರೂ ಆ ಬಾಜಾ ಬಿಟ್ರಲ್ರಿ" ಎಂದ. 

ಅಂದಿನಿಂದ ಅತ್ತೆಯವರು ದೇವಿಯ ಕೈಗೆ ತಮ್ಮ ಹಳೆಯ ಸೀರೆಯ ಅಂಚು ಕಟ್ಟಿ ಪಡಸಾಲೆಯ ಕಂಬಕ್ಕೆ ಬಿಗಿದಿದ್ದಾರೆ. ಸಿಟ್ಟಿನಿಂದಲ್ಲ ತಮ್ಮ. ಮೆತ್ತಗಿನ ಸೀರೆ ಹುಡುಕಿ, ಕೈಗೆ ಗಾಯವಾಗದಂತೆ ತಾವೇ ಎರಡು ಮಡಿಕೆ ಸುತ್ತಿದರು. "ಊರ ಬಾಯಿಗೆ ಬೀಳೂದು ಅತ್ಲಾಗಿರ್ಲಿ, ಹೊಳಿಗೆ ಬಿದ್ರ ಏನ್ ಮಾಡ್ತಿ" ಎಂದರು. ನಾನೂ ಬಿಚ್ಚಲಿಲ್ಲ. ಬಿಚ್ಚಿದ ಮೇಲೆ ಅವಳನ್ನು ಕರೆಯಲು ನನ್ನ ಹತ್ತಿರ ಈಗ ಏನಿದೆ?

ನಿನ್ನಂತೆ ನನಗೂ ಆಗಿದೆ. ಬಾರೆ ಎಂದು ನಿಲ್ಲಿಸಿದರೆ ತಲೆಯಲ್ಲಿ ಕ್ಲಾರಿಯೋನೆಟ್ಟು ಶುರುವಾಗುತ್ತದೆ, ಅದು ಮುಗಿದೊಡನೆ ಬಾಯಿ ಮುಂದಿನ ಸಾಲಿಗೆ ಹೊರಡುತ್ತದೆ. ಅವ್ವನ ದನಿ ನೆನಪಿಗೆ ಬರಲೊಲ್ಲದು. ನೀನು ಪೇಟಿ ಮಾಸ್ತರ, ತಾಳ ಬಲ್ಲವನು. ಅವ್ವ ಆ ತೆರಪಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತಿದ್ದಳು, ಅದೊಂದನ್ನು ಅಳತೆ ಹಾಕಿ ಬರೆದು ಕಳಿಸು. ಅಷ್ಟು ಸಿಕ್ಕರೆ ಉಳಿದದ್ದು ನಾನು ಮಾಡಿಕೊಳ್ಳುತ್ತೇನೆ.

ಅಕ್ಕ


ಯಲ್ಲಾಪುರ
೧೬ ಏಪ್ರಿಲ್ ೧೯೬೨

ಅಕ್ಕನಿಗೆ ಶರಣು.

ನಿನ್ನ ಕಾಗದ ಬಂದಂದಿನಿಂದ ಪೇಟಿಯ ಮುಂದೆ ಕೂತೆದ್ದು ಸಾಕಾಯಿತು. ಎಂಟು ಮಾತ್ರೆ ಬಿಟ್ಟು ನೋಡಿದೆ, ಹದಿನಾರು ಬಿಟ್ಟು ನೋಡಿದೆ. ಯಾವುದೂ ಅವ್ವನದಲ್ಲ.

ಕೊನೆಗೆ ಹೊಳೆದದ್ದು ಇಷ್ಟು. ಅವ್ವ ಅಳತೆಯಿಟ್ಟು ನಿಲ್ಲುತ್ತಿರಲಿಲ್ಲ. ದೇವಿ ಓ ಅನ್ನುವವರೆಗೆ ನಿಲ್ಲುತ್ತಿದ್ದಳು. ಒಂದು ದಿನ ಬೇಗ, ಒಂದು ದಿನ ತಡ. ಆ ತೆರಪು ಅವ್ವನದಾಗಿರಲಿಲ್ಲ ಅಕ್ಕ, ದೇವಿಯದಾಗಿತ್ತು. ಕಂಪನಿಗೆ ಪೂರ್ತಿ ಹಾಡು ಕೊಟ್ಟೆವು ಎಂದುಕೊಂಡೆವು. ನಮ್ಮ ಹತ್ತಿರ ಇದ್ದದ್ದು ಅರ್ಧ ಮಾತ್ರ.

ಇದನ್ನು ಬರೆದು ನಿನಗೇನು ಉಪಯೋಗ, ಗೊತ್ತಿಲ್ಲ. ಬೇರೇನೂ ನನಗೆ ಬರುವುದಿಲ್ಲ.

ಪುತ್ರಪ್ಪ


ಬನವಾಸಿ
೮ ಜೂನ್ ೧೯೬೨

ತಮ್ಮ ಪುತ್ರಪ್ಪನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಓದಿ ಬಹಳ ದಿನವಾಯಿತು. ನೀನು ಬರೆದದ್ದು ಖರೆ.

ಮದುವೆಯ ದಿನಗಳು ಮುಗಿದವು, ಜಟ್ಟಪ್ಪನ ಭೋಂಗಾ ಅಟ್ಟ ಸೇರಿದೆ. ಈಗ ಊರಿನಲ್ಲಿ ಆ ಹಾಡು ಇಲ್ಲ. ಹೊತ್ತು ಇಳಿದ ಮೇಲೆ ನಾನು ಪಡಸಾಲೆಗೆ ಹೋಗಿ ಸೀರೆಯ ಅಂಚು ಬಿಚ್ಚಿ ದೇವಿಯ ಎದುರು ಕೂರುತ್ತೇನೆ. ಅತ್ತೆಯವರು ತಲೆಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ತಾವೂ ಕೂರುತ್ತಾರೆ. ಮೊದಲ ಸಾಲು ಹಾಡುತ್ತೇನೆ. ತಲೆಯಲ್ಲಿ ಕ್ಲಾರಿಯೋನೆಟ್ಟು ಬರುತ್ತದೆ, ಬಂದು ಮುಗಿಯುತ್ತದೆ. ಮತ್ತೆ ಬರುತ್ತದೆ, ಮತ್ತೆ ಮುಗಿಯುತ್ತದೆ. ನಾನು ಸುಮ್ಮನಿರುತ್ತೇನೆ. ದೇವಿ ಕೈಯ ಮೇಲಿನ ಸೀರೆಯ ಗುರುತು ಸವರಿಕೊಳ್ಳುತ್ತಾಳೆ. ದೀಪ ಹಚ್ಚುವ ಹೊತ್ತಾಗುತ್ತದೆ, ಎದ್ದು ಹೋಗುತ್ತೇನೆ. 

ನಿನ್ನೆ ಅತ್ತೆಯವರಿಗೇ ತಡೆಯಲಾಗಲಿಲ್ಲ. "ಮುಂದಿಂದು ಹಾಡವಾ. ಅಷ್ಟಕ್ಕ ಯಾಕ ನಿಲ್ಲಸ್ತಿ" ಎಂದರು.

ಅವಳು ಓ ಅನ್ನದೆ ಅವ್ವ ಮುಂದಿನ ಸಾಲಿಗೆ ಹೋದವಳಲ್ಲ. ನಾನೂ ಹೋಗಿಲ್ಲ.

ನಿನ್ನ ಅಕ್ಕ
ಗುರುಶಾಂತವ್ವ